ನಳಿಗೆಯೊಳಗಣ ತಿರುಪು

ಜೆ.ಪಿ. ನಗರದ ಮೂರನೆಯ ಹಂತದಲ್ಲಿ, ಮಿನಿ ಫಾರೆಸ್ಟಿನ ಮರಗಳ ನೆರಳು ಬೆಳಗಿನ ಹೊತ್ತಿನಲ್ಲಿ ರಸ್ತೆಯ ಮೇಲೆ ಚೆಲ್ಲಿಕೊಂಡಿರುವ ಬೀದಿಯೊಂದರಲ್ಲಿ ನಮ್ಮ ಮನೆ. ಮೇಲಿನ ಅಂತಸ್ತಿನಲ್ಲಿ ಕೊಡಗಿನವರಾದ ನಿವೃತ್ತ ಸುಬೇದಾರರೊಬ್ಬರ ವಾಸ. ಕಳೆದ ವರ್ಷದ ಒಂದು ಭಾನುವಾರ ಅವರು ತಮ್ಮ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಕೆಳಗಿಳಿದು ಬಂದು, ಕಾಫಿಯ ಲೋಟಕ್ಕೆ ಕೈ ಹಾಕುವ ಮೊದಲೇ, ಗುರಿಯ ಕಾಗದವೊಂದನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿದರು. ಅದರ ಮೇಲೆ ಅಕ್ಕಪಕ್ಕದಲ್ಲಿ 50 ಮೀಟರ್ ದೂರದಿಂದ ಹೊಡೆಯತಕ್ಕ ಎರಡು ಗುರಿಗಳು. ಒಂದೊಂದರ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ಎಡಗಡೆಯ ಗುರಿಯಲ್ಲಿ ಐದು ರಂಧ್ರಗಳು, ಪಂಚಿಂಗ್ ಯಂತ್ರದಿಂದ ಕೊರೆದಷ್ಟು ದುಂಡಗೆ, ಒಂದನ್ನೊಂದು ತಾಕಿಕೊಂಡು ಕುಳಿತಿದ್ದುವು. ಬಲಗಡೆಯದರಲ್ಲಿಯೂ ಐದೇ ರಂಧ್ರಗಳು. ಆದರೆ ಅವು ಅಂಗೈಯಗಲ ಚೆದುರಿದ್ದುವಲ್ಲದೆ, ಖರ್ಜೂರದ ಬೀಜದಂತೆ ಉದ್ದುದ್ದವಾಗಿ, ಅಂಚಿನಲ್ಲಿ ಹರಿದುಕೊಂಡು, ಗುಂಡು ಮೂತಿಯನ್ನು ಮುಂದಿಟ್ಟು ಬಾರದೆ ಅಡ್ಡಡ್ಡಲಾಗಿ ಬಂದು ಬಿದ್ದಿತೆಂಬುದನ್ನು ಸಾರಿ ಹೇಳುತ್ತಿದ್ದುವು.

ಹುಡುಗಿ ಮಲಗಿಕೊಂಡು ಗುರಿಯಿಡುವ ಪಾಯಿಂಟ್ ಟೂ ಟೂ ರೈಫಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿರುವವಳು. ಎಡಗಡೆಯವು ಮಾಮೂಲಿನ 40 ಗ್ರೇನ್ ತೂಕದ ಗುಂಡುಗಳು. ಬಲಗಡೆಯವು ಅಭ್ಯಾಸದ ಅಂಗಳಕ್ಕೆ ಹೊಸದಾಗಿ ಬಂದ 60 ಗ್ರೇನಿನವು. ತಪ್ಪು ತನ್ನ ಕೈಯದೋ ರೈಫಲಿನದೋ ಎಂಬ ಚಿಂತೆ ಅವಳ ಮುಖದ ಮೇಲೆ ಸ್ಪಷ್ಟವಾಗಿ ಬರೆದಿತ್ತು.

“ರಾಯರೇ, ನೀವು ಜೀವಮಾನವೆಲ್ಲ ಸ್ಕ್ರೂ ಅಳೆದವರು,” ಎಂದರು ಸುಬೇದಾರರು. “ಈ ನಳಿಗೆ ಒಳಗೂ ಒಂದು ಸ್ಕ್ರೂ ಇದೆ. ಅದು ಎಷ್ಟು ಇಂಚಿಗೆ ಒಂದು ಸುತ್ತು ಅಂತ ಅಳೆದು ಹೇಳಿ, ಉಳಿದದ್ದು ನಾವು ನೋಡಿಕೊಳ್ತೇವೆ.”

ಅವರು ಹೇಳಿದ್ದು ನಿಜ. ಈ ನಗರದ ಕಾರ್ಖಾನೆಯೊಂದರ ಅಳತೆಯ ಕೋಣೆಯಲ್ಲಿ, ವರ್ಷದ ಎಲ್ಲ ದಿನವೂ 20 ಡಿಗ್ರಿಯ ಉಷ್ಣತೆಯನ್ನು ಕಾಯ್ದಿಟ್ಟ ನಾಲ್ಕು ಗೋಡೆಗಳ ನಡುವೆ, ತಿರುಪುಗಳ ಅಂತರವನ್ನು ಅಳೆಯುವುದರಲ್ಲಿಯೇ ನನ್ನ ಉದ್ಯೋಗಜೀವನವೆಲ್ಲ ಕಳೆಯಿತು. ಮೈಕ್ರೊಮೀಟರಿನೊಳಗಿನ ತಿರುಪು ಒಂದು ಸುತ್ತಿಗೆ ಅರ್ಧ ಮಿ.ಮೀ. ಮುಂದೆ ಸರಿಯುತ್ತದೆ, ಅದರ ತೋಳಿನ ಸುತ್ತ ಕೊರೆದಿರುವ ಐವತ್ತು ಗೀರುಗಳಲ್ಲಿ ಒಂದೊಂದೂ ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ರೈಫಲಿನ ನಳಿಗೆಯೂ ಅದೇ ವಂಶದ ವಸ್ತುವೇ ಹೌದು. ಆದರೆ ಅದರ ತಿರುಪು ಎಷ್ಟು ನಿಧಾನದ್ದೆಂದರೆ, ಒಂದು ಸುತ್ತು ಮುಗಿಯಬೇಕಾದರೆ ಮೊಳದುದ್ದಕ್ಕೆ ಸಮೀಪದಷ್ಟು ದೂರ ಸಾಗಬೇಕು. ನಳಿಗೆಯ ಬಾಯಿಯಿಂದ ಬೆಳಕಿನ ಕಡೆಗೆ ಹಿಡಿದು ನೋಡಿದರೆ, ಹೊಳೆಯುವ ಒಳಮೈಯಲ್ಲಿ ತಗ್ಗಾದ ತೋಡುಗಳೂ ಅವುಗಳ ನಡುವೆ ಉಬ್ಬಿದ ಏಣುಗಳೂ ಮೆಲ್ಲಗೆ ಓರೆಯಾಗಿ ಹೊರಳಿಕೊಂಡು ಹೋಗುವುದು ಕಾಣುತ್ತದೆ. ಎಷ್ಟು ಓರೆ ಎಂಬುದನ್ನು ಮಾತ್ರ ಕಣ್ಣು ಹೇಳಲಾರದು.

ಈ ತಿರುಪು ಯಾತಕ್ಕೆ ಬೇಕು? ಗಾಳಿಯಲ್ಲಿ ಹಾರುವ ಉದ್ದನೆಯ ವಸ್ತು ಯಾವುದಾದರೂ ತಲೆಕೆಳಗಾಗದೆ ಮೂತಿಯನ್ನು ಮುಂದಿಟ್ಟುಕೊಂಡೇ ಸಾಗಬೇಕಾದರೆ, ಅದಕ್ಕೆ ಬಾಲವಿರಬೇಕು, ಇಲ್ಲವೇ ಭ್ರಮಣವಿರಬೇಕು. ಬಾಣಕ್ಕೆ ಗರಿ, ಹೈದರನ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಿಗೆ ಉದ್ದನೆಯ ಬಿದಿರ ಗಳು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಹಾಳುಬಾವಿಯೊಂದರಿಂದ ಮೇಲೆತ್ತಿದ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ರಾಕೆಟ್ ಕೊಳವೆಗಳನ್ನು ನೋಡಿದವರಿಗೆ, ಆ ಬಾಲವಿಲ್ಲದೆ ಅವು ನೇರವಾಗಿ ಹೋಗುವುದು ಅಸಾಧ್ಯವೆಂಬುದು ಸಹಜವಾಗಿ ತೋರುತ್ತದೆ. ಇಂಗ್ಲೆಂಡಿನ ಕಾಂಗ್ರೀವನು ಮೈಸೂರಿನ ರಾಕೆಟ್ಟನ್ನು ಅನುಸರಿಸಿ ತನ್ನದನ್ನು ನಿರ್ಮಿಸಿದಾಗ ಗಳುವನ್ನು ಹಾಗೆಯೇ ಇಟ್ಟುಕೊಂಡನು. 1844ರಲ್ಲಿ ವಿಲಿಯಂ ಹೇಲ್ ಎಂಬಾತನು ರಾಕೆಟ್ಟನ್ನೇ ಗಿರಗಿರನೆ ಸುತ್ತಿಸಿ ಗಳುವನ್ನು ಕಿತ್ತೆಸೆದನು. ಎರಡನೆಯ ಉಪಾಯ ನಮ್ಮ ಹಳ್ಳಿಯ ಹುಡುಗರೆಲ್ಲರಿಗೂ ಗೊತ್ತಿರುವುದೇ. ಚಾಟಿಯಿಂದ ಸುತ್ತಿ ಬಿಟ್ಟ ಬುಗುರಿ ಮೊಳೆಯ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ, ವೇಗ ಇಳಿಯಿತೆಂದರೆ ತಲೆದೂಗಿ ಮಗುಚಿಕೊಳ್ಳುತ್ತದೆ. ನಳಿಗೆಯ ತಿರುಪು ಗುಂಡಿಗೆ ಹಾಕಿದ ಚಾಟಿ. ಹುಡುಗಿಯ ಕಾಗದದ ಬಲಬದಿಯಲ್ಲಿದ್ದದ್ದು ಮಗುಚಿಕೊಂಡ ಬುಗುರಿಗಳ ಗುರುತು.

ಈ ಭ್ರಮಣದ ವೇಗ ಎಷ್ಟಿರುತ್ತದೆಂಬುದನ್ನು ಲೆಕ್ಕ ಹಾಕಿ ನೋಡಿದವರು ಬೆರಗಾಗದೆ ಇರಲಾರರು. ಸೆಕೆಂಡಿಗೆ 330 ಮೀಟರ್ ವೇಗದಿಂದ ಹೊರಡುವ ಪಾಯಿಂಟ್ ಟೂ ಟೂ ಗುಂಡು, 16 ಇಂಚಿಗೆ ಒಂದು ಸುತ್ತಿನ ನಳಿಗೆಯಲ್ಲಿ, ಸೆಕೆಂಡಿಗೆ 812 ಸುತ್ತು ತಿರುಗುತ್ತದೆ. ಎ.ಕೆ. 47ರ ನಳಿಗೆಯ ತಿರುಪು 240 ಮಿ.ಮೀ.ಗೆ ಒಂದು ಸುತ್ತು, ಗುಂಡಿನ ವೇಗ ಸುಮಾರು 715 ಮೀಟರ್. ಅಲ್ಲಿ ಭ್ರಮಣ ಸೆಕೆಂಡಿಗೆ ಸುಮಾರು 3000 ಸುತ್ತು. ತಿರುಪಿನ ದಿಕ್ಕು ಕೂಡ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ಬಹುಕಾಲ ಇದ್ದ ತ್ರೀ ನಾಟ್ ತ್ರೀ ರೈಫಲಿನೊಳಗೆ ಐದು ತೋಡುಗಳು, ಹತ್ತು ಇಂಚಿಗೆ ಒಂದು ಸುತ್ತು, ಅದೂ ಎಡಕ್ಕೆ. ಈಗಿನ ರೈಫಲುಗಳಲ್ಲಿ ಹೆಚ್ಚಿನವು ಬಲಕ್ಕೆ ತಿರುಗುವಂಥವು.

ಭ್ರಮಣದ ಮರ್ಮವನ್ನು ಮೊದಲು ಶಾಸ್ತ್ರೀಯವಾಗಿ ಪರೀಕ್ಷಿಸಿದ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನ ಹೆಸರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1742ರಲ್ಲಿ ತೋಪುಗಾರಿಕೆಯ ಮೇಲೆ ಆತನು ಬರೆದ ಗ್ರಂಥವನ್ನು ಆಯ್ಲರನಂತಹ ಮಹಾಮತಿಯೇ ಜರ್ಮನ್ ಭಾಷೆಗೆ ತಂದು ಟಿಪ್ಪಣಿಗಳಿಂದ ಸಮೃದ್ಧಗೊಳಿಸಿದನು. ರಾಬಿನ್ಸನು ಬಂದೂಕಿನ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ, ತೆಳುಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ ಹೊಡೆದಾಗ, ಗುಂಡು ಮೊದಲು ಎಡಕ್ಕೆ ಹೊರಟರೂ ಕ್ರಮೇಣ ಬಲಕ್ಕೆ ಬಾಗಿಕೊಂಡಿತು. ನಯವಾದ ನಳಿಗೆಯ ಗೋಡೆಗೆ ಉಜ್ಜಿ ಪಡೆದ ಅಡ್ಡಾದಿಡ್ಡಿ ಭ್ರಮಣವೇ ಗುಂಡು ದಾರಿ ತಪ್ಪುವುದಕ್ಕೆ ಕಾರಣವೆಂಬುದು ಇದರಿಂದ ವ್ಯಕ್ತವಾಯಿತು. ಆ ಭ್ರಮಣವನ್ನು ತಪ್ಪಿಸಲಾಗದಿದ್ದರೆ ಅದನ್ನು ಚಲನೆಯ ಅಕ್ಷದ ಸುತ್ತಲೇ ಕಟ್ಟಿಹಾಕತಕ್ಕದ್ದೆಂಬ, ತಿರುಪುಳ್ಳ ನಳಿಗೆಯ ತತ್ತ್ವವನ್ನು 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ ಈ ವ್ಯಕ್ತಿ, ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಬಲಪಡಿಸುವ ಕೆಲಸಕ್ಕೆಂದು ನಮ್ಮ ದಕ್ಷಿಣ ದೇಶಕ್ಕೇ ಬಂದು, 1751ರ ಜುಲೈ ತಿಂಗಳಲ್ಲಿ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡನು.

ಎಷ್ಟು ತಿರುಪು ಸಾಕು ಎಂಬ ಪ್ರಶ್ನೆಗೆ ಸುಲಭಸೂತ್ರ ಸಿಕ್ಕಿದ್ದು 1879ರಲ್ಲಿ, ಗ್ರೀನ್‌ಹಿಲ್ ಎಂಬ ಗಣಿತದ ಪ್ರಾಧ್ಯಾಪಕನಿಂದ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ, ಸೀಸದ ಗುಂಡಿಗೆ ಎಷ್ಟು ದೂರಕ್ಕೆ ಒಂದು ಸುತ್ತು ಬೇಕೆಂಬುದು ಬರುತ್ತದೆ. ನಮ್ಮ ಹುಡುಗಿಯ 40 ಗ್ರೇನ್ ಗುಂಡಿನ ವ್ಯಾಸ 5.66 ಮಿ.ಮೀ., ಉದ್ದ ಸುಮಾರು 11.7 ಮಿ.ಮೀ.; ಲೆಕ್ಕ ಮಾಡಿದರೆ ಸುಮಾರು 411 ಮಿ.ಮೀ., ಎಂದರೆ ಹದಿನಾರು ಇಂಚಿಗೆ ತೀರ ಹತ್ತಿರ. ಪ್ರಪಂಚದ ಪಾಯಿಂಟ್ ಟೂ ಟೂ ರೈಫಲುಗಳಲ್ಲಿ ಬಹುಪಾಲು 16 ಇಂಚಿನ ತಿರುಪನ್ನೇ ಹೊಂದಿರುವುದು ಆಕಸ್ಮಿಕವಲ್ಲ. ದಪ್ಪ ಅಷ್ಟೇ ಇದ್ದು ತೂಕ ಹೆಚ್ಚಾಗಬೇಕಾದರೆ ಗುಂಡು ಉದ್ದವಾಗಲೇಬೇಕಷ್ಟೆ. ಉದ್ದ ಒಂದೂವರೆ ಪಟ್ಟಾದರೆ ತಿರುಪು 274 ಮಿ.ಮೀ.ಗೆ ಇಳಿಯಬೇಕು. ಸುಬೇದಾರರ ನಂಬಿಕೆಯೇನೆಂದರೆ, ಆ ಹಳೆಯ ರೈಫಲಿನ ತಿರುಪು 12 ಇಂಚಿನದು. ಅದನ್ನು ಕೊಂಡಾಗ ಯಾರೋ ಹಾಗೆಂದು ಹೇಳಿದ್ದರಂತೆ. ಹನ್ನೆರಡೇ ಆಗಿದ್ದರೆ ಉದ್ದನೆಯ ಗುಂಡು ಇಷ್ಟು ಕೆಟ್ಟದಾಗಿ ಮಗುಚಿಕೊಳ್ಳಬಾರದಾಗಿತ್ತು. ನಳಿಗೆಯ ಮೇಲೆ ಯಾವ ಮುದ್ರೆಯೂ ಇರಲಿಲ್ಲ. ಅಳೆಯದೆ ಗತ್ಯಂತರವಿರಲಿಲ್ಲ.

ಕೋವಿಯ ವಿಷಯದಲ್ಲಿ ಕೊಡಗಿನವರ ಗೌರವಬುದ್ಧಿಯನ್ನು ನಾನು ಅಂದು ಹತ್ತಿರದಿಂದ ನೋಡಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ಕೋವಿಯನ್ನೂ ಒಡಿಕತ್ತಿಯನ್ನೂ ಇಟ್ಟು, ತೋಕ್ ಪೂವಿನಿಂದ, ಅಂದರೆ ನಾವು ಗೌರಿ ಹೂವೆನ್ನುವ ಕೆಂಪು ಹಳದಿಯ ಜ್ವಾಲೆಯಂಥ ಹೂವಿನಿಂದ, ಅಲಂಕರಿಸಿ ಪೂಜಿಸುವ ಜನ ಅವರು. 1861ರಲ್ಲಿ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಅವರಿಗೆ ದೊರೆತ ವಿನಾಯಿತಿಯ ಪರಂಪರೆ ಇಂದಿಗೂ ನಡೆದುಬಂದು, 2021ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನ ಈ ರೈಫಲಿಗೆ ಲೈಸೆನ್ಸ್ ಉಂಟು. ಆದರೂ ಸುಬೇದಾರರು ಅದನ್ನು ಪೆಟ್ಟಿಗೆಯಿಂದ ತೆಗೆದೊಡನೆ ಮೊದಲು ಮಾಡಿದ್ದು ಬೋಲ್ಟನ್ನು ಕಳಚಿ ಪಕ್ಕಕ್ಕಿಟ್ಟದ್ದು; ಆಮೇಲೆ ತೋಟೆ ಕೂರುವ ಗೂಡಿಗೆ ಕಿರುಬೆರಳನ್ನು ತೂರಿಸಿ, ಖಾಲಿಯೆಂದು ತಾವು ನೋಡಿ, ನನಗೆ ತೋರಿಸಿ, ಮೊಮ್ಮಗಳಿಗೂ ತೋರಿಸಿದರು. ಮೂವರೂ “ಖಾಲಿ” ಎಂದಮೇಲೆಯೇ ರೈಫಲು ಮೇಜಿನ ಮೇಲೆ, ಎರಡು ದಿಂಬುಗಳ ನಡುವೆ, ಮಲಗಿತು.

ಉಪಾಯ ಹಳೆಯದು, ಸರಳವಾದದ್ದು. ನಳಿಗೆಯನ್ನು ಶುಚಿಮಾಡುವ ಸರಳಿನ ತುದಿಗೆ ಬಟ್ಟೆಯ ತುಂಡನ್ನು ಸುತ್ತಿ, ಅದನ್ನು ಹಿಂಬದಿಯಿಂದ ಒಳಕ್ಕೆ ನೂಕಬೇಕು. ಆ ತುಂಡಿಗೆ ಸೈನ್ಯದಲ್ಲಿ ಚಿಂದಿಯೆಂದೇ ಹೆಸರೆಂದು ಸುಬೇದಾರರು ಹೇಳಿದರು. ಚಿಂದಿ ತೋಡುಗಳಿಗೆ ಕಚ್ಚಿಕೊಂಡು ತಿರುಪನ್ನು ಅನುಸರಿಸುತ್ತದೆ. ಹಿಡಿಕೆ ಬೇರಿಂಗಿನ ಮೇಲೆ ಕುಳಿತಿರುವುದರಿಂದ, ಕೈ ತಿರುಗದಿದ್ದರೂ ಸರಳು ತಿರುಗುತ್ತದೆ. ಸರಳು ಪೂರ್ತಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಷ್ಟು ಮುಂದೆ ಹೋಯಿತೋ ಅದೇ ತಿರುಪಿನ ಅಳತೆ. ನಾನು ಸರಳಿಗೆ ಹತ್ತು ಸೆಂಟಿಮೀಟರ್ ಉದ್ದದ ಹೆಣಿಗೆಯ ಸೂಜಿಯೊಂದನ್ನು ಅಡ್ಡಲಾಗಿ ಬಿಗಿದು, ಅದರ ಹಿಂದೆ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟೆ. ಸೂಜಿ ದಾರಕ್ಕೆ ಸರಿಯಾಗಿ ಹೊಂದಿಕೊಂಡಾಗ ಸರಳಿನ ಮೇಲೆ ಒಂದು ಗುರುತು, ಮತ್ತೆ ಒಂದು ಸುತ್ತಾಗಿ ಹೊಂದಿಕೊಂಡಾಗ ಇನ್ನೊಂದು ಗುರುತು. ನಡುವಣ ದೂರವನ್ನು ಉಕ್ಕಿನ ಸ್ಕೇಲಿನಿಂದ ಓದುವುದು ಹುಡುಗಿಯ ಪಾಲಿನ ಕೆಲಸ.

ಮೊದಲ ದಿನ ಐದು ಸಲ ಅಳೆದೆವು. 428, 419, 442, 424, 438 ಮಿ.ಮೀ. ಹುಡುಗಿ ಚುರುಕಿನವಳು, ಐದನ್ನೂ ಕೂಡಿಸಿ ಭಾಗಿಸಿ, 430 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಶಾಲೆಯಲ್ಲಿ ನಾವೆಲ್ಲರೂ ಕಲಿತದ್ದು ಅದನ್ನೇ: ಅಳತೆಗಳು ಹೆಚ್ಚುಕಡಿಮೆಯಾದರೆ ಸರಾಸರಿ ತೆಗೆ, ತಪ್ಪುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ನಾನು ಆ ಎರಡು ಗೆರೆಗಳನ್ನು ಒಪ್ಪಲಿಲ್ಲ. ತಪ್ಪು ಎರಡು ಕಡೆಗೂ ಸಮನಾಗಿ ಬೀಳುವಂಥದಾಗಿದ್ದರೆ ಮಾತ್ರ ಸರಾಸರಿ ಅದನ್ನು ಅಳಿಸಬಲ್ಲುದು. ಸೂಜಿಯನ್ನು ದಾರಕ್ಕೆ ಹೊಂದಿಸುವಾಗ ಕಣ್ಣು ಮಾಡುವ ತಪ್ಪು ಅಂಥದು. ಆದರೆ ಚಿಂದಿ ಸಡಿಲವಾಗಿದ್ದು ತೋಡಿನಿಂದ ಜಾರಿತೆನ್ನಿ, ಆಗ ಸರಳು ತಿರುಗಬೇಕಾದುದಕ್ಕಿಂತ ಕಡಿಮೆಯೇ ತಿರುಗುತ್ತದೆ; ಜಾಸ್ತಿ ತಿರುಗುವುದು ಎಂದೆಂದಿಗೂ ಸಾಧ್ಯವಿಲ್ಲ. ಸುತ್ತನ್ನು ಪೂರ್ಣಮಾಡಲು ಸರಳನ್ನು ಇನ್ನಷ್ಟು ದೂರ ನೂಕಬೇಕಾಗುತ್ತದೆ, ಅಳತೆ ಹಿಗ್ಗುತ್ತದೆ. ಐದು ಸಲ ಜಾರಿದರೆ ಐದೂ ಸಲ ಹಿಗ್ಗುತ್ತದೆ. ಅಂಥ ಐದನ್ನು ಕೂಡಿಸಿ ಭಾಗಿಸಿದರೆ ಬರುವುದು ಜಾರಿಕೆಯ ಸರಾಸರಿಯೇ ಹೊರತು ತಿರುಪಿನದಲ್ಲ. ನಿಜವಾದ ಸಂಖ್ಯೆ ಆ ಐದರ ನಡುವೆ ಎಲ್ಲಿಯೂ ಇಲ್ಲದೆ, ಅತಿ ಚಿಕ್ಕದಾದ 419ಕ್ಕಿಂತಲೂ ಕೆಳಗೆ ಅಡಗಿರಬಹುದು. ಅಳತೆಯ ಕೋಣೆಯಲ್ಲಿ ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದೇ: ಸಂಖ್ಯೆಗಳು ಚೆದುರಿದಾಗ ಲೆಕ್ಕ ಮಾಡಬೇಡಿ, ಯಾವುದು ಅಲ್ಲಾಡುತ್ತಿದೆಯೋ ಅದನ್ನು ಹುಡುಕಿ.

“ಹಾಗಾದರೆ ಬಟ್ಟೆ ಜಾರ್ತಾ ಇದೆ ಅಂತೀರಾ ತಾತ?” ಎಂದಳು ಹುಡುಗಿ. ಚಿಂದಿಯನ್ನು ಹೊರಕ್ಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆವು. ಏಣುಗಳ ಗುರುತು ಗೆರೆಗೆರೆಯಾಗಿ ಮೂಡಬೇಕಾಗಿದ್ದ ಜಾಗದಲ್ಲಿ ಬಟ್ಟೆಯೆಲ್ಲ ಒಂದೇ ಸಮನಾಗಿ ಉಜ್ಜಿ ಮಸುಕಾಗಿತ್ತು.

ಎರಡನೆಯ ಭಾನುವಾರ ಚಿಂದಿಯನ್ನು ಇಮ್ಮಡಿ ದಪ್ಪಕ್ಕೆ ಮಡಿಸಿ, ಅಂಗೈಯ ಬಲವನ್ನೆಲ್ಲ ಹಾಕಿ ನೂಕಿದರೆ ಮಾತ್ರ ಸರಿಯುವಷ್ಟು ಬಿಗಿಮಾಡಿ, ಒಂದು ಹನಿ ಎಣ್ಣೆ ಸವರಿದೆವು. ಇನ್ನೊಂದು ಎಚ್ಚರಿಕೆಯನ್ನೂ ವಹಿಸಿದೆ. ನೂಕಲು ತೊಡಗಿದೊಡನೆ ಸರಳು ತಿರುಗುವುದಿಲ್ಲ. ಹಿಡಿಕೆಯ ಬೇರಿಂಗಿನ ತಡೆಯನ್ನು ಮೀರುವವರೆಗೆ ಸರಳು ತುಸು ತಿರುಚಿಕೊಳ್ಳುತ್ತದೆ, ಬಟ್ಟೆಯ ಎಳೆಗಳು ತೋಡಿನ ಒಂದು ಪಕ್ಕಕ್ಕೆ ಒರಗಿಕೊಳ್ಳುತ್ತವೆ. ಲೇತಿನ ತಿರುಪಿನಲ್ಲಿ ಸಡಿಲವಿದ್ದರೆ ಯಾವಾಗಲೂ ಒಂದೇ ಕಡೆಯಿಂದ ಬಂದು ಗೀರಿಗೆ ಸೇರಿಸುವುದು ಟರ್ನರುಗಳೆಲ್ಲರಿಗೂ ಗೊತ್ತಿರುವ ವಿದ್ಯೆ. ಅದರಂತೆ ಮೊದಲ ಎರಡು ಮೂರು ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯದೆ, ಒರಗುವುದೆಲ್ಲ ಒರಗಿ ಮುಗಿದಮೇಲೆ ಗುರುತು ಹಾಕಿದೆವು. 409, 407.5, 408, 407, 407.5. ಮೊದಲ ದಿನದ 23 ಮಿ.ಮೀ. ಚೆದುರು ಎರಡಕ್ಕೆ ಇಳಿಯಿತು. ಸಂಖ್ಯೆಗಳೆಲ್ಲ ಒಟ್ಟಾಗಿ ಕೆಳಗೆ ಸರಿದುವು. ಚಿಂದಿಯ ಮೇಲೆ ಈ ಸಲ ಗೆರೆಗಳು ಸ್ಪಷ್ಟವಾಗಿದ್ದುವು.

ಕೋಣೆಯ ಉಷ್ಣತೆಯ ಬಗ್ಗೆ ಹುಡುಗಿ ಕೇಳಿದಳು. ನಾನು ಕಾರ್ಖಾನೆಯ ಅಳತೆಯ ಕೋಣೆಯ ಕಥೆಗಳನ್ನು ಮೊದಲೇ ಅವಳಿಗೆ ಹೇಳಿದ್ದೆನಲ್ಲವೇ! ಹತ್ತು ಡಿಗ್ರಿ ಏರಿದರೂ ಈ ಉದ್ದದ ಉಕ್ಕು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಹಿಗ್ಗಬಹುದು, ಅಷ್ಟೆ. ಸೂಜಿಯನ್ನು ಹೊಂದಿಸುವಲ್ಲಿ ಒಂದು ಡಿಗ್ರಿ ತಪ್ಪಿದರೆ ಆಗುವ ತಪ್ಪು 1.1 ಮಿ.ಮೀ. ಯಾವ ತಪ್ಪಿನ ಬೆನ್ನು ಹತ್ತಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂಬ ವಿವೇಚನೆಯಿಲ್ಲದಿದ್ದರೆ ಅಳತೆ ಎಂದೂ ಮುಗಿಯುವುದಿಲ್ಲ.

ಗುಂಡಿನಿಂದಲೇ ತಿರುಪನ್ನು ಅಳೆಯಬಾರದೇ ಎಂಬುದು ಸುಬೇದಾರರ ಪ್ರಶ್ನೆ. ಅಳೆಯಬಹುದು, ನಮ್ಮ ಮನೆಯಿಂದ ದೂರವೇನೂ ಅಲ್ಲದ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂತಹ ಸಂಸ್ಥೆಗಳಿಗೆ ಅನೇಕ ವೇಳೆ ಕೋವಿಯೇ ಸಿಕ್ಕಿರುವುದಿಲ್ಲ, ಗುಂಡಷ್ಟೇ ಆಧಾರ. ತೋಡುಗಳ ಸಂಖ್ಯೆ, ಅಗಲ, ತಿರುಗುವ ದಿಕ್ಕು, ಓರೆಯ ಕೋನ, ಇವು ಕೋವಿಯ ಜಾತಿಯನ್ನು ಹೇಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕೂದಲಿನಷ್ಟು ಸಣ್ಣ ಗೀರುಗಳು ಆ ಜಾತಿಯೊಳಗೆ ಇಂಥದೇ ಕೋವಿಯೆಂದು ಗುರುತಿಸುತ್ತವೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಮಿ.ಮೀ.ನ ಒಂದೇ ನಾಡಪಿಸ್ತೂಲೆಂದು ತನಿಖೆಯಲ್ಲಿ ಹೊರಬಂದದ್ದು ಇಂಥ ಗುರುತುಗಳ ಹೋಲಿಕೆಯಿಂದ. ಗುರುತಿಸುವುದಕ್ಕೆ ಗುಂಡು ಹೀಗೆ ಸಮರ್ಥ ಸಾಕ್ಷಿಯಾದರೂ, ತಿರುಪಿನ ಅಳತೆಗೆ ಮಾತ್ರ ಅದು ತೀರ ಗಿಡ್ಡ. ನಮ್ಮ ನಳಿಗೆಯಲ್ಲಿ ಓರೆಯ ಕೋನ ಎರಡೂವರೆ ಡಿಗ್ರಿ ಮಾತ್ರ. ಒಂದು ಸೆಂಟಿಮೀಟರಿನ ಆ ಸೀಸದ ಮೈಮೇಲೆ ಡಿಗ್ರಿಯ ಹತ್ತನೆಯ ಒಂದು ಭಾಗ ತಪ್ಪಿದರೆ, ತಿರುಪಿನ ಲೆಕ್ಕದಲ್ಲಿ 16 ಮಿ.ಮೀ. ತಪ್ಪುತ್ತದೆ.

ಮೂರನೆಯ ಭಾನುವಾರ ನಾವು ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚಿನ ತೃಪ್ತಿಯನ್ನು ಕೊಟ್ಟ ಕೆಲಸ. ಒಂದು ಸುತ್ತಿನ ಆರಂಭ ಅಂತ್ಯಗಳನ್ನು ಮಾತ್ರ ನೋಡಿದರೆ ನಡುವೆ ಏನು ನಡೆಯಿತೆಂಬುದು ತಿಳಿಯುವುದಿಲ್ಲ. ತಿರುಪು ಒಂದು ಕಡೆ ಬಿಗಿದು ಮತ್ತೊಂದು ಕಡೆ ಸಡಿಲಗೊಂಡಿದ್ದರೂ ಮೊತ್ತ ಸರಿಯಾಗಿಯೇ ಬಂದೀತು. ಆದುದರಿಂದ ಸೂಜಿಯ ಹಿಂದೆ ಕೋನಮಾಪಕದ ಬಿಲ್ಲೆಯೊಂದನ್ನು ನಿಲ್ಲಿಸಿ, ಸರಳನ್ನು ಐವತ್ತು ಐವತ್ತು ಮಿ.ಮೀ. ನೂಕುತ್ತ, ಪ್ರತಿ ಹೆಜ್ಜೆಗೂ ಕೋನವನ್ನು ಓದಿಕೊಂಡೆವು. ಹೆಜ್ಜೆಗೆ 44 ಡಿಗ್ರಿಯಷ್ಟು. 26 ಇಂಚಿನ ನಳಿಗೆಯಲ್ಲಿ 550 ಮಿ.ಮೀ. ಸಾಗುವಷ್ಟರಲ್ಲಿ ಸರಳು ಒಂದೂ ಮೂರನೆಯೊಂದು ಸುತ್ತನ್ನು ದಾಟಿತು. ಹುಡುಗಿ ಗ್ರಾಫ್ ಹಾಳೆಯ ಮೇಲೆ ಹನ್ನೆರಡು ಚುಕ್ಕಿಗಳನ್ನಿಟ್ಟು ಸ್ಕೇಲನ್ನು ಅಡ್ಡಹಿಡಿದಾಗ, ಹನ್ನೊಂದು ಚುಕ್ಕಿಗಳು ರಂಗೋಲಿಯ ಎಳೆಯ ಮೇಲಿಟ್ಟಂತೆ ಗೆರೆಯ ಮೇಲೆ ಕುಳಿತವು. ಆ ಗೆರೆಯ ಓಟದಿಂದ ಬಂದ ತಿರುಪು 407 ಮಿ.ಮೀ.; ಒಂದು ಮಿ.ಮೀ. ಆಚೀಚೆ. 16 ಇಂಚೆಂದರೆ 406.4. ಸುಬೇದಾರರು ಬಹಳ ಹೊತ್ತು ಹಾಳೆಯನ್ನು ನೋಡಿ, “ಹನ್ನೆರಡು ಅಲ್ಲ,” ಎಂದಷ್ಟೇ ಹೇಳಿದರು. ಉದ್ದನೆಯ ಗುಂಡಿಗೆ ಬೇಕಾದ 274 ಎಲ್ಲಿ, ಇಲ್ಲಿರುವ 407 ಎಲ್ಲಿ! ಹುಡುಗಿಯ ಕೈ ನಿರಪರಾಧಿ, ನಳಿಗೆಯೂ ನಿರಪರಾಧಿ. ಅವಳು ಆ ತೋಟೆಗಳನ್ನು ಬಿಟ್ಟು ಮತ್ತೆ 40 ಗ್ರೇನಿಗೆ ಮರಳಿದ್ದಾಳೆ.

ಹನ್ನೆರಡನೆಯ ಚುಕ್ಕಿ ಉಳಿದಿದೆ. ನಳಿಗೆಯ ಬಾಯಿಯ ಹತ್ತಿರದ ಆ ಚುಕ್ಕಿ ಗೆರೆಗಿಂತ ಮೂರು ಡಿಗ್ರಿ ಕೆಳಗೆ ಬಿದ್ದಿದೆ. ಅಲ್ಲಿ ತಿರುಪು ನಿಜವಾಗಿಯೂ ಸಡಿಲಗೊಂಡಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಅಷ್ಟು ದೂರ ತೋಡಿಗೆ ಹೊಂದಿಕೊಂಡು ಬಂದ ಗುಂಡು ಹೊರಬೀಳುವ ಕ್ಷಣದಲ್ಲಿ ಹಿಡಿತ ತಪ್ಪುತ್ತದೆ. ಆದರೆ ಚಿಂದಿಯ ತುದಿ ಆ ಹೊತ್ತಿಗೆ ಬಾಯಿಯ ಹೊರಗೆ ಇಣುಕಿ ಅರ್ಧ ಹಿಡಿತವನ್ನು ಕಳೆದುಕೊಂಡಿದ್ದರೂ ಹಾಗೆಯೇ ಆಗಬೇಕು. ಇದನ್ನು ತೀರ್ಮಾನಿಸಬೇಕಾದರೆ ಬಟ್ಟೆಯನ್ನು ಬಿಟ್ಟು, ನಳಿಗೆಗಿಂತ ಕೂದಲೆಳೆಯಷ್ಟು ದಪ್ಪನಾದ ಗಿಡ್ಡನೆಯ ಸೀಸದ ಬೆಣೆಯನ್ನು ನೂಕಬೇಕು. ಸೀಸ ತೋಡುಗಳೊಳಕ್ಕೆ ಹರಿದು ತುಂಬಿಕೊಳ್ಳುವುದರಿಂದ ಅದಕ್ಕೆ ಜಾರುವ ಅವಕಾಶವೇ ಇಲ್ಲ. ಸರಕ್ಕಿಯ ಟೈರ್ ಅಂಗಡಿಯವರು ಚಕ್ರದ ತೂಕಕ್ಕೆ ಬಳಸುವ ಸೀಸವನ್ನು ಒಂದು ಹಿಡಿ ಕೊಟ್ಟರು. ಉಗುರಿನಿಂದ ಗೀರಿ ನೋಡಿದೆ, ಗೀರು ಮೂಡಲಿಲ್ಲ. ಅದರಲ್ಲಿ ಆಂಟಿಮನಿ ಬೆರೆತಿರುತ್ತದೆ, ನಳಿಗೆಗೆ ಅಷ್ಟು ಗಡಸು ಬೇಡ. ಬಲೆಗೆ ಕಟ್ಟುವ ಮೆತ್ತನೆಯ ಸೀಸದ ಮಣಿಗಳನ್ನು ತಂದುಕೊಡುತ್ತೇನೆಂದು ಸುಬೇದಾರರು ಹೇಳಿದ್ದಾರೆ.